ರಾಸ್ಪ್‌ಬೆರಿ ಪೈ, ಅನ್‌ಬೌಂಡ್ ಮತ್ತು ಒಂದು ಗಡಿಯಾರ: ಮನೆಯ ಡಿಎನ್‌ಎಸ್ ಎನ್‌ಕ್ರಿಪ್ಟ್ ಮಾಡಿದ ಕೆಲಸದ ವಿವರ

ಮೊಬೈಲಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಯಾವ ಸೈಟ್ ತೆರೆದರೂ ಮನೆಯಿಂದ ಮೊದಲು ಹೊರಡುವುದು ಒಂದು ಸಣ್ಣ ಪ್ರಶ್ನೆ: ಈ ಹೆಸರಿನ ಐಪಿ ವಿಳಾಸ ಯಾವುದು? ಈ ಪ್ರಶ್ನೆ, ಉತ್ತರಗಳ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇದನ್ನು ರೂಪಿಸಿದಾಗ ನೆಟ್‌ವರ್ಕ್ ಚಿಕ್ಕದಿತ್ತು. ಅಲ್ಲಿ ಇದ್ದವರಿಗೆ ಒಬ್ಬರನ್ನೊಬ್ಬರು ನಂಬಲು ಕಷ್ಟವಿರಲಿಲ್ಲ. ಹಾಗಾಗಿ ಪ್ರಶ್ನೆಯೂ ಉತ್ತರವೂ ಯಾವ ಮರೆಯೂ ಇಲ್ಲದೆ 53ನೇ ಪೋರ್ಟಿನಲ್ಲಿ (ಡಿಎನ್‌ಎಸ್‌ಗೆಂದು ಇಟ್ಟ ಬಾಗಿಲ ಸಂಖ್ಯೆ) ಓಡಾಡಿದವು. ಇವತ್ತಿಗೂ ಬಹಳಷ್ಟು ಮನೆಗಳಲ್ಲಿ ಹಾಗೇ ಓಡಾಡುತ್ತಿವೆ. ಬ್ಯಾಂಕಿನ ಸೈಟಿಗೆ ಬೀಗದ ಗುರುತು ಇರುತ್ತದೆ, ನಿಜ. ಆದರೆ ನಿಮ್ಮ ಬ್ಯಾಂಕ್ ಯಾವುದು, ಯಾವ ಆಸ್ಪತ್ರೆಯ ಸೈಟ್ ನೋಡಿದಿರಿ, ರಾತ್ರಿ ಎಷ್ಟು ಹೊತ್ತಿಗೆ ನೋಡಿದಿರಿ, ಇಷ್ಟೂ ಆ ಮೊದಲ ಪ್ರಶ್ನೆಯಲ್ಲೇ ದಾರಿಯಲ್ಲಿರುವವರಿಗೆ ಗೊತ್ತಾಗುತ್ತದೆ.

ಸಾಗರ ಪಟ್ಟಣದ ಹತ್ತಿರದ ನಮ್ಮ ಮನೆಗೆ ಫೈಬರ್ ಬಂದ ಮೇಲೆ ಇದನ್ನು ಸರಿ ಮಾಡಬೇಕು ಅನ್ನಿಸಿತು. ಮನೆಯಲ್ಲಿರುವುದು ಅಪ್ಪ, ಅಮ್ಮ, ಅವರ ಎರಡು ಮೊಬೈಲು, ಒಂದು ಸ್ಮಾರ್ಟ್ ಟಿವಿ, ರಜೆಗೆ ಬರುವ ಮಕ್ಕಳ ಲ್ಯಾಪ್‌ಟಾಪು. ಒಂದೊಂದು ಸಾಧನಕ್ಕೂ ಬೇರೆ ಬೇರೆ ಸೆಟ್ಟಿಂಗ್ ಮಾಡುತ್ತಾ ಕೂರುವುದಕ್ಕಿಂತ ಮನೆಗೇ ಒಂದು ಡಿಎನ್‌ಎಸ್ ಪೆಟ್ಟಿಗೆ ಇಟ್ಟು, ಅದರಿಂದ ಆಚೆ ಹೋಗುವುದನ್ನೆಲ್ಲ ಎನ್‌ಕ್ರಿಪ್ಟ್ ಮಾಡುವುದು, ಅಂದರೆ ದಾರಿಯಲ್ಲಿ ಯಾರೂ ಓದಲಾಗದಂತೆ ಮಾಡುವುದು, ಯೋಜನೆ. ಸುಮ್ಮನೆ ಕೂತಿದ್ದ ರಾಸ್ಪ್‌ಬೆರಿ ಪೈ 3 ಬಿ ಪ್ಲಸ್ ಅನ್ನುವ ಪುಟ್ಟ ಕಂಪ್ಯೂಟರ್ ಒಂದಿತ್ತು. 16 ಜಿಬಿ ಎಸ್‌ಡಿ ಕಾರ್ಡ್, ರೂಟರಿಗೆ ಒಂದು ಲ್ಯಾನ್ ಕೇಬಲ್, ಒಳ್ಳೆಯ 5 ವೋಲ್ಟ್ ಅಡಾಪ್ಟರ್, ಇಷ್ಟು ಸಾಕು. ತಂತ್ರಾಂಶವೆಲ್ಲ ಮುಕ್ತ ಮೂಲದ್ದು. ಡೆಬಿಯನ್ 12ರ ಮೇಲೆ ನಿಂತಿರುವ ರಾಸ್ಪ್‌ಬೆರಿ ಪೈ ಓಎಸ್ ಹಾಕಿದೆ, ಡೆಸ್ಕ್‌ಟಾಪ್ ಇಲ್ಲದ ಹಗುರ ಆವೃತ್ತಿ.

(ಕೆಳಗೆ ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು.)

ಮೊದಲು ಏನು ಸೋರುತ್ತಿದೆ ಅಂತ ನೋಡಿದ್ದು

ಬೀಗ ಹಾಕುವ ಮೊದಲು ಬಾಗಿಲು ಎಲ್ಲಿ ತೆರೆದಿದೆ ಅಂತ ನೋಡಬೇಕಲ್ವಾ. ಪೈ ಮೇಲೆ ಅನ್‌ಬೌಂಡ್ ಅನ್ನುವ ಡಿಎನ್‌ಎಸ್ ತಂತ್ರಾಂಶ ಹಾಕಿ, ಸದ್ಯಕ್ಕೆ ಬಂದ ಪ್ರಶ್ನೆಯನ್ನು ಹಾಗೇ ಮುಂದಕ್ಕೆ ಕಳಿಸುವಂತೆ ಮಾಡಿದೆ. ರೂಟರಿನ ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಪುಟದಲ್ಲಿ ಡಿಎನ್‌ಎಸ್ ವಿಳಾಸವಾಗಿ ಪೈ ವಿಳಾಸ ಕೊಟ್ಟೆ. ಆಮೇಲೆ ಪೈ ಮೇಲೆ, ಹೋಗಿ ಬರುವ ಪ್ಯಾಕೆಟ್ಟುಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ 53ನೇ ಪೋರ್ಟನ್ನು ನೋಡುತ್ತಾ ಕೂತೆ. ಪರದೆ ತುಂಬ ಹೆಸರುಗಳು. ಯಾರೂ ನೋಡದೆ ಸ್ಟ್ಯಾಂಡ್‌ಬೈನಲ್ಲಿದ್ದ ಟಿವಿಯೂ ಒಂದೇ ಸಮನೆ ತನ್ನ ಕಂಪನಿಯ ಹೆಸರುಗಳನ್ನು ಕೇಳುತ್ತಿತ್ತು. ಅಪ್ಪ ಔಷಧದ ಅಂಗಡಿಯ ಆ್ಯಪ್ ತೆರೆದದ್ದು ಆ ಕ್ಷಣವೇ ಕಂಡಿತು. ಇಷ್ಟೂ ನನಗೆ ಕಾಣುತ್ತದೆ ಅಂದರೆ ಕೇಬಲಿನ ಆಚೆ ತುದಿಯಲ್ಲಿರುವವರಿಗೂ ಕಾಣುತ್ತದೆ.

ಎರಡನೇ ಪರೀಕ್ಷೆ ಇನ್ನೂ ಮುಖ್ಯ. 192.0.2.1 ಅಂತ ಒಂದು ವಿಳಾಸವಿದೆ. ಪುಸ್ತಕ, ಕೈಪಿಡಿಗಳಲ್ಲಿ ಉದಾಹರಣೆಗೆ ಬಳಸಲೆಂದೇ ಮೀಸಲಿಟ್ಟ ಗುಂಪಿನದು. ಅಲ್ಲಿ ಯಾವ ಸರ್ವರೂ ಇರುವುದಿಲ್ಲ. ಡಿಗ್ ಉಪಕರಣದಿಂದ ಆ ವಿಳಾಸಕ್ಕೆ ಒಂದು ಡಿಎನ್‌ಎಸ್ ಪ್ರಶ್ನೆ ಕಳಿಸಿ. ಸರಿಯಾದ ಕನೆಕ್ಷನ್ ಆದರೆ ಕಾದು ಕಾದು ಟೈಮ್‌ಔಟ್ ಆಗಬೇಕು. ನಮ್ಮಲ್ಲಿ ಥಟ್ಟನೆ ಉತ್ತರ ಬಂತು! ಇಲ್ಲದ ಸರ್ವರಿನಿಂದ ಉತ್ತರ ಬರುವುದು ಒಂದೇ ರೀತಿಯಲ್ಲಿ: ದಾರಿಯಲ್ಲಿ ಯಾರೋ 53ನೇ ಪೋರ್ಟಿನ ಪ್ರಶ್ನೆಗಳನ್ನೆಲ್ಲ ಹಿಡಿದು ತಾವೇ ಉತ್ತರ ಕೊಡುತ್ತಿದ್ದಾರೆ. ಮೊಬೈಲಿನಲ್ಲಿ ಗೂಗಲ್‌ನ ಡಿಎನ್‌ಎಸ್ ವಿಳಾಸ 8.8.8.8 ಅಂತ ಹಾಕಿಕೊಂಡು ನೆಮ್ಮದಿಯಾಗಿರುವವರು ಈ ಪರೀಕ್ಷೆಯನ್ನು ಒಮ್ಮೆ ಮಾಡಿ ನೋಡಲೇಬೇಕು. ವಿಳಾಸ ಬದಲಿಸಿದ ಮಾತ್ರಕ್ಕೆ ಪ್ರಶ್ನೆ ಅಲ್ಲಿಗೇ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ.

ಇದರಿಂದ ಒಂದು ಆಯ್ಕೆ ತಾನಾಗಿಯೇ ಬಿದ್ದುಹೋಯಿತು. ಅನ್‌ಬೌಂಡ್ ಯಾರನ್ನೂ ಅವಲಂಬಿಸದೆ ಡಿಎನ್‌ಎಸ್‌ನ ಬುಡದಲ್ಲಿರುವ ರೂಟ್ ಸರ್ವರುಗಳಿಂದ ಶುರು ಮಾಡಿ ತಾನೇ ಉತ್ತರ ಹುಡುಕಬಲ್ಲದು. ಸ್ವಾವಲಂಬಿ ದಾರಿ, ನನಗೆ ಇಷ್ಟವಾದದ್ದು ಕೂಡ. ಆದರೆ ಆ ಹುಡುಕಾಟ ಇವತ್ತಿಗೂ ಬಹುಪಾಲು 53ನೇ ಪೋರ್ಟಿನಲ್ಲಿ ಬಿಚ್ಚಾಗಿಯೇ ನಡೆಯುತ್ತದೆ. ದಾರಿಯಲ್ಲಿ ಹಿಡಿಯುವವರು ಇದ್ದರೆ ರೂಟ್ ಸರ್ವರಿಗೆ ಕೇಳಿದ್ದಕ್ಕೂ ಅವರೇ ಉತ್ತರಿಸುತ್ತಾರೆ, ಹುಡುಕಾಟ ದಾರಿ ತಪ್ಪುತ್ತದೆ. ಹಾಗಾಗಿ ದೂರದ ಒಬ್ಬ ನಂಬಿಕಸ್ಥ ರಿಸಾಲ್ವರ್‌ವರೆಗೆ (ನಮ್ಮ ಪರವಾಗಿ ಉತ್ತರ ಹುಡುಕಿ ಕೊಡುವ ಸರ್ವರ್) ಎನ್‌ಕ್ರಿಪ್ಟ್ ಮಾಡಿದ ದಾರಿ ಹಾಕುವುದೊಂದೇ ಉಳಿಯಿತು.

ಯಾವ ಉಪಕರಣ, ಯಾಕೆ

ಎನ್‌ಕ್ರಿಪ್ಟ್ ಮಾಡುವ ಬಗೆಗಳು ಹಲವು. ಟಿಎಲ್‌ಎಸ್ (ಸೈಟುಗಳ ಬೀಗದ ಗುರುತಿನ ಹಿಂದಿರುವ ಎನ್‌ಕ್ರಿಪ್ಶನ್) ಮೇಲಿನ ಡಿಎನ್‌ಎಸ್, ಅಂದರೆ ಡಿಓಟಿ, 2016ರಲ್ಲಿ ಮಾನದಂಡವಾಯಿತು. ಅದಕ್ಕೆ 853 ಅನ್ನುವ ಪ್ರತ್ಯೇಕ ಪೋರ್ಟ್. ಎಚ್‌ಟಿಟಿಪಿಎಸ್ ಮೇಲಿನ ಡಿಓಎಚ್ 2018ರದ್ದು, ಉಳಿದ ವೆಬ್ ಸಂಚಾರದ ಜೊತೆಗೇ 443ರಲ್ಲಿ ಬೆರೆತು ಹೋಗುತ್ತದೆ. ಕ್ವಿಕ್ ಅನ್ನುವ ಹೊಸ ಸಂಪರ್ಕ ವಿಧಾನದ ಮೇಲಿನ ಡಿಓಕ್ಯು 2022ರದ್ದು. ಇವೆಲ್ಲಕ್ಕಿಂತ ಹಳೆಯದು ಡಿಎನ್‌ಎಸ್‌ಕ್ರಿಪ್ಟ್. ಅದನ್ನು ನಡೆಸುವ ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿಯನ್ನು ಫ್ರಾಂಕ್ ಡೆನಿಸ್ ಗೋ ಭಾಷೆಯಲ್ಲಿ ಹೊಸದಾಗಿ ಬರೆದು 2018ರಲ್ಲಿ ಎರಡನೇ ಆವೃತ್ತಿ ಕೊಟ್ಟರು. ಈಗ ಅದು ಡಿಓಎಚ್ ಅನ್ನೂ ಮಾತಾಡುತ್ತದೆ.

ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿಯಲ್ಲಿ ನನಗೆ ತುಂಬ ಹಿಡಿಸಿದ್ದು ಅದರ ರಿಲೇ ವ್ಯವಸ್ಥೆ. ಪ್ರಶ್ನೆ ಮೊದಲು ಒಂದು ರಿಲೇಗೆ ಹೋಗುತ್ತದೆ, ಅಲ್ಲಿಂದ ರಿಸಾಲ್ವರ್‌ಗೆ. ರಿಲೇಗೆ ನೀವು ಯಾರು ಅಂತ ಗೊತ್ತು, ಏನು ಕೇಳಿದಿರಿ ಅಂತ ಗೊತ್ತಿಲ್ಲ. ರಿಸಾಲ್ವರ್‌ಗೆ ಏನು ಕೇಳಿದಿರಿ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ಅವೆರಡೂ ಒಬ್ಬರದೇ ಕೈಯಲ್ಲಿ ಇರದಂತೆ ಆರಿಸಿಕೊಳ್ಳಬೇಕು, ಅಷ್ಟೇ. ಒಬ್ಬರೇ ಇರುವ ಪತ್ರಕರ್ತರಿಗೋ ವಕೀಲರಿಗೋ ನಾನು ಇದನ್ನೇ ಹೇಳುತ್ತೇನೆ.

ಮನೆಗೆ ಮಾತ್ರ ಅನ್‌ಬೌಂಡ್ ಮತ್ತು ಡಿಓಟಿ ಸಾಕು ಅನ್ನುವುದು ನನ್ನ ತೀರ್ಮಾನ. ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಮಿನ ಎನ್‌ಎಲ್‌ನೆಟ್ ಲ್ಯಾಬ್ಸ್ ಬಹಳ ವರ್ಷಗಳಿಂದ ಅನ್‌ಬೌಂಡನ್ನು ನೋಡಿಕೊಳ್ಳುತ್ತಿದೆ. ಕ್ಯಾಶ್ (ಸಿಕ್ಕ ಉತ್ತರವನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವುದು), ಡಿಎನ್‌ಎಸ್‌ಸೆಕ್ ಪರಿಶೀಲನೆ (ಉತ್ತರದ ಮೇಲಿನ ಸಹಿ ಅಸಲಿಯೇ ಅಂತ ನೋಡುವುದು), ಡಿಓಟಿ ಎಲ್ಲ ಒಂದೇ ಕಡೆ. ಹಳೆಯ ಲೇಖನಗಳಲ್ಲಿ ಅನ್‌ಬೌಂಡ್ ಹಿಂದೆ ಸ್ಟಬಿ ಅನ್ನುವ ಡಿಓಟಿ ತಂತ್ರಾಂಶ ಇಡಿ ಅಂತ ಬರೆದಿರುತ್ತದೆ. ಆಗ ಅದು ಸರಿಯಾದ ಸಲಹೆಯೇ. ಅನ್‌ಬೌಂಡ್ ಆಗ ಪ್ರತಿ ಪ್ರಶ್ನೆಗೂ ಹೊಸ ಟಿಎಲ್‌ಎಸ್ ಸಂಪರ್ಕ ತೆರೆಯುತ್ತಿತ್ತು, ನಿಧಾನವಾಗುತ್ತಿತ್ತು. 2020ರ ಕೊನೆಗೆ ಬಂದ 1.13 ಆವೃತ್ತಿಯಿಂದ ತೆರೆದ ಸಂಪರ್ಕವನ್ನೇ ಮತ್ತೆ ಬಳಸುತ್ತದೆ. ಡೆಬಿಯನ್ 12ರಲ್ಲಿ ಇರುವುದು 1.17. ಹಾಗಾಗಿ ಈಗ ಎರಡು ತಂತ್ರಾಂಶ ಸಾಕುವ ಅಗತ್ಯವಿಲ್ಲ. ಮನೆಯವರು ನೋಡಿಕೊಳ್ಳಬೇಕಾದ ಪೆಟ್ಟಿಗೆಯಲ್ಲಿ ಭಾಗಗಳು ಕಡಿಮೆ ಇದ್ದಷ್ಟೂ ಒಳ್ಳೆಯದು.

ಕಟ್ಟಿದ್ದು

ಅನ್‌ಬೌಂಡ್‌ನ ಫೋಲ್ಡರಿನಲ್ಲಿ ಒಂದು ಹೊಸ ಕಾನ್ಫಿಗ್ ಫೈಲ್. ಸರ್ವರ್ ವಿಭಾಗದಲ್ಲಿ ಇಂಟರ್‌ಫೇಸ್‌ಗೆ ಪೈ ವಿಳಾಸ, ಆ್ಯಕ್ಸೆಸ್-ಕಂಟ್ರೋಲ್‌ನಲ್ಲಿ 192.168.1.0/24ಕ್ಕೆ, ಅಂದರೆ ಮನೆಯ ನೆಟ್‌ವರ್ಕಿಗೆ, ಮಾತ್ರ ಅಲೌ. ಈ ಎರಡನೆಯ ಸಾಲನ್ನು ಸಡಿಲ ಬಿಡಬೇಡಿ. ಇಂಟರ್‌ನೆಟ್‌ಗೆ ತೆರೆದಿಟ್ಟ ರಿಸಾಲ್ವರ್ ಬೇರೆಯವರ ಮೇಲೆ ದಾಳಿ ಮಾಡಲು ಬಳಕೆಯಾಗುತ್ತದೆ. ರೂಟರಿನಲ್ಲಿ 53ನೇ ಪೋರ್ಟ್ ಫಾರ್ವರ್ಡ್ ಮಾಡುವ ಯೋಚನೆಯೂ ಬೇಡ.

ಆಮೇಲೆ ಟಿಎಲ್‌ಎಸ್-ಸರ್ಟ್-ಬಂಡಲ್ ಸಾಲು. ಡೆಬಿಯನ್‌ನ ಸಿಎ-ಸರ್ಟಿಫಿಕೇಟ್ಸ್ ಫೈಲಿನ ದಾರಿಯನ್ನು ಇಲ್ಲಿ ಕೊಡಬೇಕು. ಯಾರ ಸಹಿ ಇರುವ ಸರ್ಟಿಫಿಕೇಟನ್ನು (ಸರ್ವರಿನ ಗುರುತಿನ ಚೀಟಿ) ನಂಬಬೇಕು ಅಂತ ಅನ್‌ಬೌಂಡ್‌ಗೆ ಗೊತ್ತಾಗುವುದು ಇದರಿಂದ.

ಕೊನೆಗೆ ಫಾರ್ವರ್ಡ್-ಝೋನ್ ವಿಭಾಗ. ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ, ಅಂದರೆ ಎಲ್ಲ ಹೆಸರುಗಳೂ. ಫಾರ್ವರ್ಡ್-ಟಿಎಲ್‌ಎಸ್-ಅಪ್‌ಸ್ಟ್ರೀಮ್‌ಗೆ ಯೆಸ್. ಫಾರ್ವರ್ಡ್-ಆ್ಯಡ್ರ್ ಸಾಲಿನಲ್ಲಿ 9.9.9.9@853#ಡಿಎನ್‌ಎಸ್.ಕ್ವಾಡ್9.ನೆಟ್. ಇನ್ನೊಂದು ಸಾಲಿನಲ್ಲಿ ಅವರದೇ 149.112.112.112. ಆ ಹ್ಯಾಶ್ ಚಿಹ್ನೆ ಮತ್ತು ಅದರ ಮುಂದಿನ ಹೆಸರು ಇಡೀ ಫೈಲಿನಲ್ಲೇ ಮುಖ್ಯವಾದ ಜಾಗ. ಅದಿಲ್ಲದಿದ್ದರೂ ಎಲ್ಲ ಓಡುತ್ತದೆ, ಪ್ಯಾಕೆಟ್‌ಗಳು ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತವೆ. ಆದರೆ ಆಚೆ ಕಡೆ ಯಾವ ಹೆಸರಿನ ಸರ್ಟಿಫಿಕೇಟ್ ತೋರಿಸಿದರೂ ಅನ್‌ಬೌಂಡ್ ಒಪ್ಪಿಕೊಳ್ಳುತ್ತದೆ. ದಾರಿಯಲ್ಲಿ ಹಿಡಿಯುವವರು ಇದ್ದಾರೆ ಅಂತ ಗೊತ್ತಾದ ಮೇಲೆ ಇದನ್ನು ಬಿಡುವಂತಿಲ್ಲ. ಹ್ಯಾಶ್‌ನ ಮುಂದೆಯಾಗಲಿ ಹಿಂದೆಯಾಗಲಿ ಖಾಲಿ ಜಾಗ ಇರಬಾರದು, ಇದ್ದರೆ ಮುಂದಿನದೆಲ್ಲ ಕಮೆಂಟ್, ಅಂದರೆ ತಂತ್ರಾಂಶ ಓದದ ಟಿಪ್ಪಣಿ, ಆಗಿಬಿಡುತ್ತದೆ.

ಕ್ವಾಡ್9 ಯಾಕೆ? ಅದನ್ನು ನಡೆಸುವುದು ಲಾಭಕ್ಕಲ್ಲದ ಒಂದು ಪ್ರತಿಷ್ಠಾನ. 2021ರಿಂದ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿದೆ, ಅಲ್ಲಿಯ ಖಾಸಗಿತನದ ಕಾನೂನು ಅದಕ್ಕೆ ಅನ್ವಯಿಸುತ್ತದೆ. ವೈರಸ್, ಮೋಸದ ಸೈಟುಗಳ ಹೆಸರನ್ನು 9.9.9.9 ತಾನೇ ತಡೆಯುತ್ತದೆ. ಅಪ್ಪ, ಅಮ್ಮನ ಮೊಬೈಲಿಗೆ ಬರುವ ಲಿಂಕುಗಳನ್ನು ನೋಡಿದರೆ ಅದೂ ಬೇಕು. ಎರಡು ಮೂರು ಬೇರೆ ಬೇರೆ ಸಂಸ್ಥೆಗಳನ್ನು ಬೆರೆಸಿ ಹಾಕುವವರೂ ಇದ್ದಾರೆ. ಹಾಗೆ ಮಾಡಿದರೆ ನಮ್ಮ ಪ್ರಶ್ನೆಗಳ ಒಂದೊಂದು ಪಾಲು ಎಲ್ಲರ ಕೈಗೂ ಹೋಗುತ್ತದೆ. ನನಗೆ ಒಬ್ಬರೇ ಸಾಕು. ಅವರ ನೀತಿಯನ್ನು ಓದಿ ಆರಿಸಿದರೆ ಆಯಿತು.

ಇನ್ನೆರಡು ಸಾಲು: ಪ್ರೀಫೆಚ್ ಯೆಸ್, ಸರ್ವ್-ಎಕ್ಸ್‌ಪೈರ್ಡ್ ಯೆಸ್. ಮೊದಲನೆಯದರಿಂದ ಪದೇ ಪದೇ ಬೇಕಾಗುವ ಹೆಸರುಗಳನ್ನು ಅವಧಿ ಮುಗಿಯುವ ಮೊದಲೇ ಹೊಸದಾಗಿ ತಂದಿಟ್ಟುಕೊಳ್ಳುತ್ತದೆ. ಸಂಚಾರ ಸುಮಾರು ಶೇ. 10 ಜಾಸ್ತಿಯಾಗುತ್ತದೆ ಅಂತ ಅದರ ಕೈಪಿಡಿಯೇ ಹೇಳುತ್ತದೆ, ಮನೆಗೆ ಅದು ಲೆಕ್ಕಕ್ಕಿಲ್ಲ. ಎರಡನೆಯದರಿಂದ ಲೈನ್ ಸ್ವಲ್ಪ ಹೊತ್ತು ಕೈಕೊಟ್ಟರೂ ಹಳೆಯ ಉತ್ತರವನ್ನು ಕೊಡುತ್ತಿರುತ್ತದೆ. ಫೈರ್‌ಫಾಕ್ಸ್ ತಾನಾಗಿಯೇ ಡಿಓಎಚ್‌ಗೆ ಹಾರದಿರಲಿ ಅಂತ ಅದು ಮೊದಲು ಕೇಳಿ ನೋಡುವ ಯೂಸ್-ಅಪ್ಲಿಕೇಶನ್-ಡಿಎನ್‌ಎಸ್.ನೆಟ್ ಹೆಸರಿಗೆ "ಇಲ್ಲ" ಅನ್ನುವ ಉತ್ತರ ಕಟ್ಟಿದೆ.

ಅನ್‌ಬೌಂಡ್-ಚೆಕ್‌ಕಾನ್ಫ್ ಓಡಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಟಿಸಿಪಿಡಂಪ್. ಪೈಯಿಂದ ಹೊರಗೆ 53ರಲ್ಲಿ ಒಂದು ಪ್ಯಾಕೆಟ್ಟೂ ಇಲ್ಲ. 853ರಲ್ಲಿ ಮಾತ್ರ ಅರ್ಥವಾಗದ ಬೈಟ್‌ಗಳು. ಪ್ಯಾಕೆಟ್ಟಿನ ಉದ್ದ ನೋಡಿ ಹೆಸರು ಊಹಿಸಬಾರದು ಅಂತ ಅನ್‌ಬೌಂಡ್ ಪ್ರತಿ ಪ್ರಶ್ನೆಯನ್ನೂ 128 ಬೈಟ್‌ನ ಅಳತೆಗೆ ತುಂಬಿಸಿ ಕಳಿಸುತ್ತದೆ. ಇದು ಮೊದಲಿನಿಂದಲೇ ಆನ್ ಇರುತ್ತದೆ. ಒಮ್ಮೆ ಕೇಳಿದ ಹೆಸರನ್ನು ಡಿಗ್‌ನಿಂದ ಮತ್ತೆ ಕೇಳಿದರೆ ಸಮಯ 0 ಮಿಲಿಸೆಕೆಂಡ್ ಅಂತ ತೋರಿಸಿತು. ಮನೆಯವರಿಗೆ ವೇಗದಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ನನಗೆ ಬೇಕಿದ್ದದ್ದೂ ಅದೇ.

ಆದರೆ ಅಮ್ಮನ ಮೊಬೈಲಿನ ಪ್ರಶ್ನೆಗಳು ಪೈಗೆ ಕಡಿಮೆ ಬರುತ್ತಿದ್ದವು. ಕಾರಣ ಐಪಿವಿ6, ಅಂದರೆ ಐಪಿ ವಿಳಾಸಗಳ ಹೊಸ ಪದ್ಧತಿ. ರೂಟರ್ ಡಿಎಚ್‌ಸಿಪಿಯಲ್ಲಿ ಪೈ ವಿಳಾಸ ಕೊಡುತ್ತಿದ್ದರೂ ಐಪಿವಿ6ನ ಪ್ರಕಟಣೆಯಲ್ಲಿ ಕನೆಕ್ಷನ್ ಕೊಟ್ಟವರ ಡಿಎನ್‌ಎಸ್ ವಿಳಾಸವನ್ನೇ ಹಂಚುತ್ತಿತ್ತು. ಮೊಬೈಲು ಅದನ್ನು ಹಿಡಿದುಕೊಂಡಿತ್ತು. ನಮ್ಮ ರೂಟರಿನಲ್ಲಿ ಐಪಿವಿ6 ಲ್ಯಾನ್ ಪುಟ ಬೇರೆಯೇ ಇದೆ, ಅಲ್ಲಿಯೂ ಪೈಯ ಸ್ಥಳೀಯ ಐಪಿವಿ6 ವಿಳಾಸ ಕೊಟ್ಟ ಮೇಲೆ ಸರಿಯಾಯಿತು. ಆ ಪುಟಕ್ಕೆ ಬೀಗ ಹಾಕಿರುವ ರೂಟರುಗಳೂ ಇವೆ. ಅಂಥ ಕಡೆ ಲ್ಯಾನ್‌ನಲ್ಲಿ ಐಪಿವಿ6 ನಿಲ್ಲಿಸುವುದು ಅಥವಾ ನಡುವೆ ನಮ್ಮದೇ ರೂಟರ್ ಇಡುವುದು ದಾರಿ. ಹೀಗೆ ಸೋರುವುದನ್ನು ಬಹಳ ಜನ ಗಮನಿಸುವುದಿಲ್ಲ, ಆದ್ದರಿಂದ ಹೇಳಿದೆ. ಮೊಬೈಲಿನ "ಪ್ರೈವೇಟ್ ಡಿಎನ್‌ಎಸ್" ಸೆಟ್ಟಿಂಗನ್ನು ಆಟೋಮ್ಯಾಟಿಕ್‌ನಲ್ಲೇ ಬಿಟ್ಟಿದ್ದೇನೆ. ಆಂಡ್ರಾಯ್ಡ್ 9ರಿಂದ ಅದು ಇದೆ. ಅಲ್ಲಿ ಹೆಸರು ಹಾಕಿದರೆ ಮೊಬೈಲು ಪೈಯನ್ನು ಬಿಟ್ಟು ನೇರ ಆಚೆ ಹೋಗುತ್ತದೆ.

ಸಿಡಿಲಿಗೆ ಪ್ಲಗ್ ಕಿತ್ತಿಟ್ಟ ಮೇಲೆ

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚಿನ ಗುಡುಗು, ಸಿಡಿಲು ಏನು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಊರಿಗೆ ಹೊರಟರೆ ಟಿವಿ, ಫ್ರಿಜ್, ರೂಟರ್ ಎಲ್ಲದರ ಪ್ಲಗ್ ಕಿತ್ತಿಟ್ಟೇ ಹೋಗುವುದು. ಬೇಸಿಗೆ ರಜೆಯಲ್ಲಿ ಅಪ್ಪ, ಅಮ್ಮ ಅಕ್ಕನ ಮನೆಗೆ ಹೋಗಿ ಕೆಲವು ವಾರ ಉಳಿದರು. ಪೈ ಕೂಡ ಅಷ್ಟು ವಾರ ಕತ್ತಲಲ್ಲಿ ಕೂತಿತ್ತು. ವಾಪಸ್ ಬಂದು ಎಲ್ಲ ಹಚ್ಚಿದರೆ ನೆಟ್ ಇಲ್ಲ.

"ವೈಫೈ ಪೂರ್ತಿ ತೋರಿಸ್ತಾ ಇದೆ, ವಾಟ್ಸಾಪ್ ಮಾತ್ರ ಹೋಗ್ತಾನೇ ಇಲ್ಲ ನೋಡು" ಅಂದರು ಅಮ್ಮ.

ನೋಡಿದೆ. 9.9.9.9ಕ್ಕೆ ಪಿಂಗ್ ಹೋಗುತ್ತಿದೆ, ಹೆಸರು ಮಾತ್ರ ಒಂದೂ ಸಿಗುತ್ತಿಲ್ಲ. ಡಿಗ್ ಕೊಡುವ ಉತ್ತರ ಸರ್ವ್‌ಫೇಲ್, ಅಂದರೆ ಸರ್ವರಿಗೆ ಉತ್ತರ ಹುಡುಕಲು ಆಗಲಿಲ್ಲ. ಡಿಗ್‌ಗೆ ಸಿಡಿ ಅನ್ನುವ ಒಂದು ಸೂಚನೆ ಇದೆ. ಅದನ್ನು ಹಾಕಿದರೆ ಡಿಎನ್‌ಎಸ್‌ಸೆಕ್ ಪರಿಶೀಲನೆ ಬಿಟ್ಟು ಉತ್ತರ ಕೊಡು ಅಂತ ಅರ್ಥ. ಪರಿಶೀಲನೆಯಷ್ಟೇ ತೊಂದರೆ ಆಗಿದ್ದರೆ ಇದರಿಂದ ಉತ್ತರ ಬರಬೇಕಿತ್ತು. ಬರಲಿಲ್ಲ. ಅಂದರೆ ತೊಂದರೆ ಅದಕ್ಕೂ ಮೊದಲು, ಟಿಎಲ್‌ಎಸ್‌ನಲ್ಲೇ ಇದೆ.

ಇಲ್ಲಿ ಕೆಡಿಗ್ ಕೈಹಿಡಿಯಿತು. ಝೆಕ್ ದೇಶದ ನಾಟ್ ಡಿಎನ್‌ಎಸ್ ತಂಡದ ಉಪಕರಣ ಇದು, ಡೆಬಿಯನ್‌ನಲ್ಲಿ ನಾಟ್-ಡಿಎನ್‌ಎಸ್‌ಯುಟಿಲ್ಸ್ ಹೆಸರಿನ ಪ್ಯಾಕೇಜಿನಲ್ಲಿ ಸಿಗುತ್ತದೆ. ನೆಟ್ ಸರಿಯಾಗಿರುವಾಗಲೇ ಹಾಕಿಟ್ಟುಕೊಳ್ಳಿ, ಕೆಟ್ಟಾಗ ಡೌನ್‌ಲೋಡ್ ಮಾಡಲು ಆಗುವುದಿಲ್ಲ. ಬರೀ ಟಿಎಲ್‌ಎಸ್ ಸೂಚನೆ ಕೊಟ್ಟು ಕೇಳಿದರೆ ಕೆಡಿಗ್‌ಗೆ ಉತ್ತರ ಬಂತು. ಸರ್ಟಿಫಿಕೇಟನ್ನೂ ಪರಿಶೀಲಿಸು ಅಂದರೆ ನಿರಾಕರಿಸಿತು. ಕಾರಣವನ್ನೂ ಹೇಳಿತು: ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವಾಗಿಲ್ಲ. ಡೇಟ್ ಅಂತ ಟೈಪ್ ಮಾಡಿದರೆ ಪೈ ಇನ್ನೂ ಅವರು ಊರಿಗೆ ಹೊರಟ ದಿನದಲ್ಲೇ ಇತ್ತು. ಆಮೇಲೆ ಹೊರಬಂದ ಹೊಸ ಸರ್ಟಿಫಿಕೇಟ್ ಅದರ ಪಾಲಿಗೆ ಮುಂದೆಂದೋ ಬರುವಂಥದ್ದು.

ಪೈ 3ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ಬದಲಿಗೆ ಫೇಕ್-ಎಚ್‌ಡಬ್ಲ್ಯುಕ್ಲಾಕ್ ಅನ್ನುವ ಸಣ್ಣ ತಂತ್ರಾಂಶ ಗಂಟೆಗೊಮ್ಮೆ ಸಮಯವನ್ನು ಕಾರ್ಡಿನಲ್ಲಿ ಬರೆದಿಡುತ್ತದೆ, ಮತ್ತೆ ಹಚ್ಚಿದಾಗ ಅಲ್ಲಿಂದಲೇ ಶುರು. ದಿನಾ ಆಗುವ ಕರೆಂಟ್ ಕಟ್‌ಗಳಲ್ಲಿ ಏನೂ ಆಗದೇ ಇದ್ದದ್ದು ಇದರಿಂದಲೇ. ಸ್ವಲ್ಪ ಹೊತ್ತು ಹಿಂದೆ ಬಿದ್ದರೆ ಸರ್ಟಿಫಿಕೇಟಿಗೆ ತೊಂದರೆ ಇಲ್ಲ. ಡಿಎನ್‌ಎಸ್‌ಸೆಕ್ ಸಹಿಗಳಿಗೂ ಶುರು, ಕೊನೆ ಅಂತ ಸಮಯ ಇರುತ್ತದೆ. ಅಲ್ಲಿ ಅನ್‌ಬೌಂಡ್ ಕನಿಷ್ಠ 1 ಗಂಟೆ, ಹೆಚ್ಚೆಂದರೆ 1 ದಿನದ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ. ವಾರಗಟ್ಟಲೆ ಹಿಂದೆ ಬಿದ್ದರೆ ಯಾವುದೂ ನಿಲ್ಲುವುದಿಲ್ಲ.

ಹಾಗಾದರೆ ನೆಟ್‌ನಿಂದ ಸಮಯ ತಂದುಕೊಳ್ಳಬಹುದಿತ್ತಲ್ಲ? ತರಬೇಕಾದ ಸರ್ವರಿನ ಹೆಸರು ಡೆಬಿಯನ್‌ನ ಎನ್‌ಟಿಪಿ ಪೂಲ್ (ಸಮಯ ಕೊಡುವ ಸರ್ವರುಗಳ ಗುಂಪು). ಅದು ಹೆಸರು, ವಿಳಾಸವಲ್ಲ. ಅದರ ವಿಳಾಸ ಸಿಗಲು ಡಿಎನ್‌ಎಸ್ ಬೇಕು. ಡಿಎನ್‌ಎಸ್ ನಡೆಯಲು ಸಮಯ ಸರಿ ಇರಬೇಕು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನುವ ಗಾದೆಯೇ ಇದು. ಪೈ ಎಷ್ಟು ಹೊತ್ತು ಕೂತರೂ ತಾನಾಗಿ ಇದರಿಂದ ಹೊರಬರುವಂತಿರಲಿಲ್ಲ. ಕೈಯಿಂದ ದಿನಾಂಕ ಕೊಟ್ಟ ಕೂಡಲೇ ಎಲ್ಲ ಓಡತೊಡಗಿತು.

ಕೈಯಿಂದ ಕೊಟ್ಟದ್ದು ಪರಿಹಾರವಲ್ಲ. ನಾನು ಇಲ್ಲದಾಗ ಇದು ಆದರೆ ಮನೆಯವರು ಏನು ಮಾಡಬೇಕು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಈ ಉಪಕರಣಗಳನ್ನು ಬರೆದವರೆಲ್ಲ ಇದೇ ಗಂಟನ್ನು ಮೊದಲೇ ಕಂಡಿದ್ದಾರೆ ಅಂತ ತಿಳಿಯಿತು. ಡಿಎನ್‌ಎಸ್‌ಮಾಸ್ಕ್ ಅನ್ನುವ ಇನ್ನೊಂದು ಡಿಎನ್‌ಎಸ್ ತಂತ್ರಾಂಶದಲ್ಲಿ ಡಿಎನ್‌ಎಸ್‌ಸೆಕ್-ಟೈಮ್‌ಸ್ಟ್ಯಾಂಪ್ ಅನ್ನುವ ಸೆಟ್ಟಿಂಗ್ ಇದೆ: ಗಡಿಯಾರ ಒಂದು ಫೈಲಿನ ಸಮಯವನ್ನು ದಾಟುವವರೆಗೆ ಸಹಿಗಳ ಅವಧಿಯನ್ನು ನೋಡುವುದಿಲ್ಲ. ಡಿಎನ್‌ಎಸ್‌ಕ್ರಿಪ್ಟ್-ಪ್ರಾಕ್ಸಿಯಲ್ಲಿ ಸರ್ಟ್_ಇಗ್ನೋರ್_ಟೈಮ್‌ಸ್ಟ್ಯಾಂಪ್: ಮೊದಲ ಸಂಪರ್ಕ ಸಿಗುವವರೆಗೆ ಡಿಎನ್‌ಎಸ್‌ಕ್ರಿಪ್ಟ್ ಸರ್ಟಿಫಿಕೇಟಿನ ಅವಧಿ ಕೇಳುವುದಿಲ್ಲ. ಬ್ಯಾಟರಿ ಗಡಿಯಾರ ಇಲ್ಲದ ರೂಟರುಗಳಿಗೆ ಅಂತಲೇ ಅದರ ಮಾದರಿ ಫೈಲಿನಲ್ಲಿ ಬರೆದಿದೆ. ಸಮಯ ತರುವ ಕ್ರೋನಿಯಲ್ಲೂ ನೋಸರ್ಟ್‌ಟೈಮ್‌ಚೆಕ್ ಅಂತ ಒಂದಿದೆ. ಯಾಕೆಂದರೆ ಸಮಯವನ್ನೇ ಸುರಕ್ಷಿತವಾಗಿ ತರುವ ಎನ್‌ಟಿಎಸ್‌ಗೂ ಟಿಎಲ್‌ಎಸ್ ಬೇಕು, ಟಿಎಲ್‌ಎಸ್‌ಗೆ ಮತ್ತೆ ಸಮಯ ಬೇಕು. ಒಬ್ಬೊಬ್ಬರೂ ತಮ್ಮ ಕಡೆಯಿಂದ ಒಂದು ಸಣ್ಣ ಕಿಟಕಿ ಬಿಟ್ಟು ಗಂಟು ಬಿಡಿಸಿದ್ದಾರೆ.

ನನಗೆ ಆ ಕಿಟಕಿಗಳು ಬೇಡವಾಗಿದ್ದವು. ದಾರಿಯಲ್ಲಿ ಹಿಡಿಯುವವರು ಇರುವ ಕನೆಕ್ಷನ್ನಿನಲ್ಲಿ ಪರಿಶೀಲನೆಯನ್ನು ಒಂದು ಕ್ಷಣಕ್ಕಾದರೂ ಯಾಕೆ ಸಡಿಲಿಸಬೇಕು? ಗಡಿಯಾರವನ್ನೇ ಕಟ್ಟುವುದು ಮೇಲು.

ಗಡಿಯಾರ ಕಟ್ಟಿದ್ದು

ತಂದದ್ದು ಡಿಎಸ್3231 ಚಿಪ್ ಇರುವ ಆರ್‌ಟಿಸಿ, ಅಂದರೆ ಬ್ಯಾಟರಿ ಇರುವ ಗಡಿಯಾರ. 0ರಿಂದ 40 ಡಿಗ್ರಿ ಉಷ್ಣದಲ್ಲಿ ಹತ್ತು ಲಕ್ಷಕ್ಕೆ ಎರಡು ಪಾಲಿನಷ್ಟು ನಿಖರತೆ. ಅಂದರೆ ಇಡೀ ವರ್ಷ ಬಿಟ್ಟರೂ ಸುಮಾರು 1 ನಿಮಿಷ ಆಚೀಚೆ. ನಮ್ಮ ಕೆಲಸಕ್ಕೆ ಅದು ಬೇಕಾದಷ್ಟಾಯಿತು.

ಮಾರುಕಟ್ಟೆಯಲ್ಲಿ ಇದರ ಎರಡು ರೂಪ ಸಿಗುತ್ತವೆ. ಒಂದು ದೊಡ್ಡ ನೀಲಿ ಬೋರ್ಡ್, ಜೆಡ್‌ಎಸ್-042 ಅಂತ ಮುದ್ರಿಸಿರುತ್ತದೆ. ಅದರಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕ್ಯೂಟ್ ಇದೆ, ಅದು ರೀಚಾರ್ಜ್ ಆಗುವ ಎಲ್‌ಐಆರ್2032ಕ್ಕೆ ಅಂತ ಮಾಡಿದ್ದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸಿಆರ್2032 ರೀಚಾರ್ಜ್ ಆಗುವಂಥದ್ದಲ್ಲ. ಅದನ್ನು ಹಾಕಿ ಬೋರ್ಡಿಗೆ 5 ವೋಲ್ಟ್ ಕೊಟ್ಟರೆ ಸೆಲ್ಲು ಚಾರ್ಜ್ ಆಗಲು ಹೋಗಿ ಉಬ್ಬಬಹುದು, ಸೋರಬಹುದು. ಪೈಯಲ್ಲಿ ಹೇಗೂ 3.3 ವೋಲ್ಟನ್ನೇ ಕೊಡಬೇಕು. ಆಗ ಡಯೋಡ್ ದಾಟಿ ಹೋಗುವ ವೋಲ್ಟೇಜ್ ಸೆಲ್ಲಿಗಿಂತ ಕಡಿಮೆ ಇರುವುದರಿಂದ ಚಾರ್ಜ್ ಆಗುವುದಿಲ್ಲ. ಆದರೂ ಚಾರ್ಜ್ ಮಾಡುವ ಸರ್ಕ್ಯೂಟಿನ ರೆಸಿಸ್ಟರನ್ನು ಬೆಸುಗೆ ಬಿಡಿಸಿ ತೆಗೆದುಬಿಡುವುದು ಒಳ್ಳೆಯದು. ಇನ್ನೊಂದು ರೂಪ ಪೈಗೆಂದೇ ಮಾಡಿದ್ದು, ಬೆರಳ ತುದಿಯಷ್ಟು ಚಿಕ್ಕದು, ಐದು ರಂಧ್ರದ ಕನೆಕ್ಟರ್. ಪೈಯ 1, 3, 5, 7, 9ನೇ ಪಿನ್ನುಗಳ ಮೇಲೆ ನೇರ ಕೂರುತ್ತದೆ. ನಾನು ಹಾಕಿದ್ದು ಇದನ್ನೇ. ವೈರ್ ಇಲ್ಲ, ಬೆಸುಗೆ ಇಲ್ಲ, ಒರೆಸುವಾಗ ಕಿತ್ತು ಬರುವ ಭಯ ಇಲ್ಲ.

ರಾಸ್ಪಿ-ಕಾನ್ಫಿಗ್‌ನಲ್ಲಿ ಐ2ಸಿ (ಪೈ ಮತ್ತು ಚಿಪ್ ಮಾತಾಡುವ ದಾರಿ) ಆನ್ ಮಾಡಿ, ಐ2ಸಿಡಿಟೆಕ್ಟ್ ಓಡಿಸಿದರೆ 68 ಅನ್ನುವ ಜಾಗದಲ್ಲಿ ಚಿಪ್ ಕಾಣಬೇಕು. ಬೂಟ್ ಭಾಗದ ಕಾನ್ಫಿಗ್.ಟಿಎಕ್ಸ್‌ಟಿಯಲ್ಲಿ ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231 ಅನ್ನುವ ಸಾಲು ಸೇರಿಸಬೇಕು. ಡೆಬಿಯನ್ 12ರಲ್ಲಿ ಆ ಫೈಲು ಬೂಟ್ ಒಳಗಿನ ಫರ್ಮ್‌ವೇರ್ ಫೋಲ್ಡರಿಗೆ ಹೋಗಿದೆ. ರೀಬೂಟ್ ಆದ ಮೇಲೆ 68ರ ಜಾಗದಲ್ಲಿ ಯುಯು ಅಂತ ತೋರಿಸಿದರೆ ಡ್ರೈವರ್ ಅದನ್ನು ಹಿಡಿದುಕೊಂಡಿದೆ ಅಂತ. ಆಮೇಲೆ ಫೇಕ್-ಎಚ್‌ಡಬ್ಲ್ಯುಕ್ಲಾಕ್ ಪ್ಯಾಕೇಜ್ ತೆಗೆದುಹಾಕಿ, ಸಮಯ ಸರಿ ಇದೆ ಅಂತ ನೋಡಿ, ಎಚ್‌ಡಬ್ಲ್ಯುಕ್ಲಾಕ್‌ನಿಂದ ಚಿಪ್ಪಿಗೆ ಬರೆದೆ.

ಸೆಲ್ಲು ಸತ್ತ ದಿನಕ್ಕೆ ಇನ್ನೊಂದು ದಾರಿಯೂ ಇರಲಿ ಅಂತ ಕ್ರೋನಿ ಹಾಕಿದೆ. ಅದರಲ್ಲಿ ಹೆಸರಿನ ಸರ್ವರುಗಳ ಜೊತೆಗೆ ಒಂದೇ ಒಂದು ಬರೀ ವಿಳಾಸ: 162.159.200.1, ಕ್ಲೌಡ್‌ಫ್ಲೇರ್‌ನ ಸಮಯದ ಸರ್ವರ್. ವಿಳಾಸವಾದ್ದರಿಂದ ಡಿಎನ್‌ಎಸ್ ಬೇಕಿಲ್ಲ. ಗಡಿಯಾರ 1 ಸೆಕೆಂಡಿಗಿಂತ ಜಾಸ್ತಿ ತಪ್ಪಿದ್ದರೆ ಮೊದಲ ಮೂರು ಸಲ ಒಂದೇ ನೆಗೆತಕ್ಕೆ ಸರಿ ಮಾಡುವ ಮೇಕ್‌ಸ್ಟೆಪ್ 1 3 ಸಾಲು ಡೆಬಿಯನ್‌ನಲ್ಲಿ ಮೊದಲೇ ಇರುತ್ತದೆ. ಈ ಸಮಯಕ್ಕೆ ಸಹಿ ಇಲ್ಲ, ದಾರಿಯಲ್ಲಿ ತಿದ್ದಬಹುದು ಅನ್ನುವುದು ನಿಜ. ಆರ್‌ಟಿಸಿಯನ್ನು ಮೊದಲಿಗೆ ಇಟ್ಟು ಇದನ್ನು ಕೊನೆಯ ದಾರಿಯಾಗಿ ಇಟ್ಟದ್ದು ಅದಕ್ಕೇ. ಭಾರತದಲ್ಲಿ ಸಮಯ ಕೊಡುವ ಸರ್ಕಾರಿ ಸರ್ವರುಗಳೂ ಇವೆ: ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿಯ ಸಮಯ್1, ಸಮಯ್2 ಮತ್ತು ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ್ದು. ಕಂಪನಿಗಳು, ಡೇಟಾ ಸೆಂಟರುಗಳು ಗಡಿಯಾರವನ್ನು ಇವಕ್ಕೆ ಹೊಂದಿಸಿಕೊಳ್ಳಬೇಕು ಅಂತ ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿತು. ಹೆಸರಿನ ಸರ್ವರುಗಳಾಗಿ ನಾನು ಹಾಕಿದ್ದು ಅವನ್ನೇ.

ಎನ್‌ಟಿಪಿ ಪೂಲ್‌ನಿಂದ ಯಾವುದಾದರೊಂದು ವಿಳಾಸ ಎತ್ತಿಕೊಂಡು ಫೈಲಿನಲ್ಲಿ ಬರೆದಿಡಬೇಡಿ. ಅಲ್ಲಿರುವುದು ಸ್ವಯಂಸೇವಕರ ಸರ್ವರುಗಳು, ಬರುತ್ತವೆ, ಹೋಗುತ್ತವೆ. 2003ರಲ್ಲಿ ನೆಟ್‌ಗಿಯರ್ ರೂಟರುಗಳ ಒಳಗೆ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಸಮಯದ ಸರ್ವರಿನ ವಿಳಾಸ ಬರೆದು ಕಳಿಸಿದ್ದರಿಂದ ಆ ವಿಶ್ವವಿದ್ಯಾಲಯದ ಮೇಲೆ ಪ್ಯಾಕೆಟ್ಟುಗಳ ಪ್ರವಾಹವೇ ಬಂದಿತ್ತು.

ಪರೀಕ್ಷೆ ಮಾಡದೆ ಬಿಡಲು ಮನಸ್ಸು ಬರಲಿಲ್ಲ. ಲ್ಯಾನ್ ಕೇಬಲ್ ಕಿತ್ತು, ಸಿಸ್ಟಮ್ಮಿನ ಸಮಯವನ್ನೂ ಚಿಪ್ಪಿನ ಸಮಯವನ್ನೂ ಎರಡು ತಿಂಗಳು ಹಿಂದಕ್ಕೆ ಇಟ್ಟು, ಪ್ಲಗ್ ಕಿತ್ತು, ಕೇಬಲ್ ಹಾಕಿ ಮತ್ತೆ ಹಚ್ಚಿದೆ. ಮೊದಲು ಸರ್ವ್‌ಫೇಲ್, ಆಮೇಲೆ ಕ್ರೋನಿ ಆ ಬರೀ ವಿಳಾಸದಿಂದ ಸಮಯ ತಂದ ಕೂಡಲೇ ಹೆಸರುಗಳು ಸಿಗತೊಡಗಿದವು. ಆಮೇಲೆ ಚಿಪ್ಪಿನಲ್ಲಿ ಸರಿಯಾದ ಸಮಯ ಇಟ್ಟು, ಆ ಬರೀ ವಿಳಾಸದ ಸಾಲನ್ನು ಕಮೆಂಟ್ ಮಾಡಿ ನೋಡಿದೆ. ಮೊದಲ ಪ್ರಶ್ನೆಗೇ ಉತ್ತರ ಬಂತು. ಎರಡೂ ದಾರಿ ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ ಅಂತ ಖಾತ್ರಿಯಾದ ಮೇಲೆ ಆ ಸಾಲಿನ ಕಮೆಂಟ್ ತೆಗೆದು ಮತ್ತೆ ಜಾರಿಗೆ ತಂದೆ.

ಇದರಿಂದ ಆಗದ್ದು

ಇಷ್ಟು ಮಾಡಿದರೆ ಯಾರಿಗೂ ಏನೂ ಕಾಣುವುದಿಲ್ಲ ಅಂತ ಅಲ್ಲ. ಸೈಟಿಗೆ ಸಂಪರ್ಕ ತೆರೆಯುವಾಗ ಟಿಎಲ್‌ಎಸ್‌ನ ಮೊದಲ ಮಾತಿನಲ್ಲೇ ಸೈಟಿನ ಹೆಸರು, ಅಂದರೆ ಎಸ್‌ಎನ್‌ಐ, ಬಿಚ್ಚಾಗಿ ಹೋಗುತ್ತದೆ. ಐಪಿ ವಿಳಾಸವೂ ಕಾಣುತ್ತದೆ. ಎಸ್‌ಎನ್‌ಐ ಮುಚ್ಚುವ ಇಸಿಎಚ್ ಅನ್ನುವ ವಿಧಾನ ಫೈರ್‌ಫಾಕ್ಸ್, ಕ್ರೋಮ್‌ಗಳಿಗೆ 2023ರಿಂದ ಬರುತ್ತಿದೆ. ಆದರೆ ಆಚೆ ಕಡೆಯ ಸೈಟೂ ಅದನ್ನು ಬೆಂಬಲಿಸಬೇಕು. ಅದಕ್ಕೆ ಬೇಕಾದ ಕೀಲಿ ಸಿಗುವುದೂ ಡಿಎನ್‌ಎಸ್‌ನಿಂದಲೇ. ಹಾಗಾಗಿ ಡಿಎನ್‌ಎಸ್ ಮುಚ್ಚುವ ಕೆಲಸ ಅದಕ್ಕೂ ಮೊದಲು ಆಗಬೇಕು. ಮತ್ತೆ, ಮುಂಚೆ ಕನೆಕ್ಷನ್ ಕೊಟ್ಟವರಿಗೆ ಕಾಣುತ್ತಿದ್ದ ಪ್ರಶ್ನೆಗಳು ಈಗ ಕ್ವಾಡ್9ಗೆ ಕಾಣುತ್ತವೆ. ನಂಬಿಕೆಯನ್ನು ನಾನು ಆರಿಸಿದವರ ಕೈಗೆ ಕೊಟ್ಟಿದ್ದೇನೆ, ಅಷ್ಟು ಮಾತ್ರ. ಮನೆಯಿಂದ ಕ್ವಾಡ್9ವರೆಗಿನ ದಾರಿಯಲ್ಲಿ ಉತ್ತರ ತಿದ್ದುವುದು ಮಾತ್ರ ನಿಂತಿದೆ. ಸಹಿ ಇರುವ ಹೆಸರುಗಳಿಗೆ ಡಿಎನ್‌ಎಸ್‌ಸೆಕ್ ಕಾವಲು, ಆ ದಾರಿಯಲ್ಲಿ ಹೋಗುವ ಎಲ್ಲಕ್ಕೂ ಟಿಎಲ್‌ಎಸ್ ಕಾವಲು.

ಪೈ ಕೆಟ್ಟರೆ ಮನೆಗೆ ಡಿಎನ್‌ಎಸ್ ಇಲ್ಲ ಅನ್ನುವುದು ಉಳಿದ ಚಿಂತೆ. ರೂಟರಿನಲ್ಲಿ ಎರಡನೇ ಡಿಎನ್‌ಎಸ್ ಆಗಿ ಕನೆಕ್ಷನ್ ಕೊಟ್ಟವರದ್ದನ್ನು ಹಾಕಿ ಅಂತ ಕೆಲವರು ಹೇಳುತ್ತಾರೆ. ಮೊಬೈಲುಗಳು ಎರಡನೆಯದನ್ನು ಆಪತ್ತಿಗೆ ಮಾತ್ರ ಅಂತ ಇಟ್ಟುಕೊಳ್ಳುವುದಿಲ್ಲ, ಬೇಕೆಂದಾಗ ಬಳಸುತ್ತವೆ. ಆಗ ಮತ್ತೆ ಸೋರಿಕೆ ಶುರು. ಅದಕ್ಕೆ ಅಟ್ಟದಲ್ಲಿದ್ದ ಹಳೆಯ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಹಾಕಿ, ಡಿಓಎಚ್ ಮಾಡುವ ಎಚ್‌ಟಿಟಿಪಿಎಸ್-ಡಿಎನ್‌ಎಸ್-ಪ್ರಾಕ್ಸಿ ಪ್ಯಾಕೇಜ್ ಸೇರಿಸಿ, ಅದರ ವಿಳಾಸವನ್ನು ಎರಡನೆಯದಾಗಿ ಕೊಟ್ಟಿದ್ದೇನೆ. ಅದರಲ್ಲೂ ಬ್ಯಾಟರಿ ಗಡಿಯಾರ ಇಲ್ಲ. ಹಚ್ಚಿದಾಗ ತನ್ನ ಇಟಿಸಿ ಫೋಲ್ಡರಿನಲ್ಲಿ ತೀರ ಹೊಸದಾದ ಫೈಲಿನ ಸಮಯದಿಂದ ಅದು ಶುರು ಮಾಡುತ್ತದೆ. ಅದಕ್ಕೆ ಸಮಯದ ಸರ್ವರಾಗಿ ಪೈಯ ವಿಳಾಸ ಕೊಟ್ಟು, ಪೈಯ ಕ್ರೋನಿಯಲ್ಲಿ ಮನೆಯ ನೆಟ್‌ವರ್ಕಿಗೆ ಅಲೌ ಸಾಲು ಹಾಕಿದ್ದೇನೆ. ಪೈ ಇಲ್ಲದ ದಿನಕ್ಕೆ ಅದರಲ್ಲೂ ಆ ಒಂದು ಬರೀ ವಿಳಾಸ ಇದೆ.

ಹೊಸದಾಗಿ ಕೊಳ್ಳುವವರು ಪೈ 5 ತೆಗೆದುಕೊಂಡರೆ ಬೋರ್ಡಿನಲ್ಲೇ ಆರ್‌ಟಿಸಿ ಇದೆ, ಬ್ಯಾಟರಿಯನ್ನು ಮಾತ್ರ ಬೇರೆ ತಂದು ಅದರ ಸಣ್ಣ ಕನೆಕ್ಟರಿಗೆ ಸಿಕ್ಕಿಸಬೇಕು. ಹಳೆಯ ಪೈ ಇದ್ದವರು ಆರ್‌ಟಿಸಿ ಹಾಕಿದ ಮೇಲೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಗುಡುಗು ಶುರುವಾಗುವ ಮೊದಲು, ಪೈಯನ್ನು ಆಫ್ ಮಾಡಿ ಒಂದು ದಿನ ಬಿಟ್ಟು, ಲ್ಯಾನ್ ಕೇಬಲ್ ಇಲ್ಲದೆ ಹಚ್ಚಿ ಡೇಟ್ ನೋಡಿ. ಸಮಯ ಹಿಂದೆ ಬಿದ್ದಿದ್ದರೆ ಸೆಲ್ಲು ಬದಲಿಸಿ.